ಇತರ ಮೂಲಗಳ ಆದಾಯ

“ಆ ಪದಾನ ಮಾತ್ರ ನನ್ನ ಕೈಯಿಂದ ಬರೆಸಬೇಡ” ಎಂದು ನಿತ್ಯಾನಂದ ರಾಯರು ಲ್ಯಾಪ್‌ಟಾಪನ್ನು ಟಪ್ಪೆಂದು ಮುಚ್ಚಿದರು. ಪಕ್ಕದಲ್ಲಿದ್ದ ಮಜ್ಜಿಗೆಯ ಲೋಟ ಅಲುಗಿ ಒಂದಿಷ್ಟು ಮೇಜಿನ ಮೇಲೆ ಚೆಲ್ಲಿತು. ಅವರ ಹೆಂಡತಿ ರತ್ನಮ್ಮ ಸೆರಗಿನಿಂದಲೇ ಅದನ್ನು ಒರೆಸಿ, ಯಾರ ಮುಖವನ್ನೂ ನೋಡದೆ ಅಡುಗೆಮನೆಗೆ ಹೋದರು. ಗ್ರೀಷ್ಮಾ ಗಂಡನ ಕಡೆ ನೋಡಿದಳು. ಸುಧನ್ವ ತಲೆ ತಗ್ಗಿಸಿ ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದ. ನಲವತ್ತರ ಹತ್ತಿರದ ಗಂಡಸು, ಜನ ತುಂಬಿದ ಹೋಟೆಲಿನ ಊಟದ ಹಜಾರವನ್ನು ಒಬ್ಬನೇ ನಿಂತು ಸಂಭಾಳಿಸುವವನು, ಅಪ್ಪನ ಎದುರು ಕೂತರೆ ಮಾತ್ರ ಪರೀಕ್ಷೆಯಲ್ಲಿ ನಪಾಸಾಗಿ ಮನೆಗೆ ಬಂದ ಹುಡುಗನಂತಾಗುತ್ತಿದ್ದ.

ರಾಯರಿಗೆ ಬೇಡವಾದ ಆ ಪದ ‘ಟಿಪ್ಸ್’. ಕೊಚ್ಚಿಯ ದೊಡ್ಡ ಹೋಟೆಲೊಂದರಲ್ಲಿ ಸುಧನ್ವ ಕ್ಯಾಪ್ಟನ್ ಆಗಿದ್ದ. ಬಂದವರನ್ನು ಕೂರಿಸುವುದು, ಆರ್ಡರ್ ಬರೆದುಕೊಳ್ಳುವುದು, ಕೈ ಸಾಲದಿದ್ದಾಗ ತಾನೇ ತಟ್ಟೆ ಹಿಡಿದು ಬಡಿಸುವುದು ಅವನ ಕೆಲಸ. ಸಂಬಳ ಸಾಧಾರಣ. ಊಟ ಮಾಡಿದವರು ಮೆಚ್ಚಿ ಬಿಟ್ಟುಹೋದ ಹಣವನ್ನು ಅಲ್ಲಿನ ಕೆಲಸದವರೆಲ್ಲ ಒಂದೆಡೆ ಕೂಡಿಸಿ ವಾರಕ್ಕೊಮ್ಮೆ ಹಂಚಿಕೊಳ್ಳುತ್ತಿದ್ದರು. ವರ್ಷದ ಕೊನೆಗೆ ನೋಡಿದರೆ ಅವನ ಪಾಲು ಸಂಬಳದಷ್ಟೇ ಆಗಿರುತ್ತಿತ್ತು. ಅದೂ ಆದಾಯವೇ, ರಿಟರ್ನಿನಲ್ಲಿ ತೋರಿಸಲೇಬೇಕಾದದ್ದು. ಆದರೆ ಆ ಮನೆಯಲ್ಲಿ ಎಲ್ಲರ ತೆರಿಗೆ ರಿಟರ್ನ್ ತುಂಬುವವರು ರಾಯರು. ಮೈಸೂರಿನಿಂದ ತಿರುವನಂತಪುರಕ್ಕೆ ಬಂದು, ಕೇಂದ್ರ ಸರ್ಕಾರದ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ತಲೆ ನರೆಸಿಕೊಂಡು ನಿವೃತ್ತರಾದವರು. ಜುಲೈ ಬಂತೆಂದರೆ ಮಕ್ಕಳು, ಸೊಸೆಯರು ಕಾಗದಪತ್ರ ಹಿಡಿದು ಅವರ ಊಟದ ಮೇಜಿನ ಮುಂದೆ ಹಾಜರಾಗಬೇಕು. ದೊಡ್ಡ ಮಗ ರಾಜೀವ್ ಅದೇ ಊರಿನಲ್ಲಿ ವಿಜ್ಞಾನಿ. ಅವನ ಸಂಬಳ ತುಂಬುವಾಗ ರಾಯರು ಒಂದೊಂದು ಅಂಕಿಯನ್ನೂ ಗಟ್ಟಿಯಾಗಿ ಓದುತ್ತಿದ್ದರು. ಕಿರಿಯವನ ಸರದಿ ಬಂದಾಗ ಬಾಯೊಳಗೇ ಏನೋ ಗೊಣಗಿ, ಸಂಬಳವನ್ನಷ್ಟೇ ತುಂಬಿ, ಉಳಿದದ್ದನ್ನು ಖಾಲಿ ಬಿಟ್ಟು ಮುಗಿಸುತ್ತಿದ್ದರು. ಈ ವರ್ಷವಾದರೂ ತೋರಿಸೋಣ ಎಂದು ಸುಧನ್ವ ಕೇಳಿದ್ದೇ ಇಷ್ಟಕ್ಕೆಲ್ಲ ಕಾರಣ.

“ಅಪ್ಪಾ, ಬ್ಯಾಂಕಿನವರು ರಿಟರ್ನ್ ನೋಡಿಯೇ ಸಾಲ ಕೊಡೋದು” ಸುಧನ್ವ ಮೆಲ್ಲಗೆ ಹೇಳಿದ. “ನಾವಿರೋ ಫ್ಲಾಟನ್ನ ಓನರ್ ಮಾರ್ತಿದ್ದಾರೆ. ಮೊದಲು ನಮ್ಮನ್ನೇ ಕೇಳಿದ್ದಾರೆ. ಕಂತು ಕಟ್ಟೋ ಶಕ್ತಿ ನಮಗಿದೆ. ಆದ್ರೆ ಕಾಗದದಲ್ಲಿ ನನ್ನ ಆದಾಯ ಅರ್ಧವೇ ಕಾಣತ್ತೆ. ಹಾಗಾಗಿ ಅರ್ಜಿ ವಾಪಸ್ ಕಳಿಸಿದ್ದಾರೆ.”

“ಊಟ ಮಾಡಿದವರು ಎಂಜಲು ತಟ್ಟೆ ಪಕ್ಕ ಎಸೆದುಹೋದ ಕಾಸನ್ನ ಆದಾಯ ಅಂತ ನಾನು ಸರ್ಕಾರಕ್ಕೆ ಬರೆದು ಕೊಡ್ಬೇಕಾ? ನನ್ನ ಮಗ ಭಿಕ್ಷೆ ಎತ್ತುತ್ತಾನೆ ಅಂತ ಸಹಿ ಹಾಕ್ಬೇಕಾ?”

“ಅದು ಭಿಕ್ಷೆ ಅಲ್ಲ ಮಾವ” ಎಂದಳು ಗ್ರೀಷ್ಮಾ.

“ನೀನು ಸುಮ್ಮನಿರಮ್ಮ. ಇದು ನನಗೂ ನನ್ನ ಮಗನಿಗೂ ಇರೋ ಮಾತು.”

ಗ್ರೀಷ್ಮಾ ಸುಮ್ಮನಾದಳು. ಹಾಗೆ ಸುಮ್ಮನಾಗಲು ಅವಳಿಗೊಂದು ಕಾರಣವಿತ್ತು. ಮಾವನಿಗೆ ಈ ಮದುವೆ ಇಷ್ಟವಿರಲಿಲ್ಲ. ಕಾಸರಗೋಡಿನಿಂದ ಕೊಚ್ಚಿಗೆ ವರ್ಗವಾಗಿ ಬಂದ ಬ್ಯಾಂಕ್ ಗುಮಾಸ್ತ ರಾಮದಾಸನ ಮಗಳು, ಕಳಮಶ್ಶೇರಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ಗುತ್ತಿಗೆ ನೌಕರಿ. ಅಂಥವಳನ್ನು ಮಗ ತಾನೇ ಮೆಚ್ಚಿ ತಂದಾಗ ರಾಯರು ಮೂರು ತಿಂಗಳು ಅವಳೊಂದಿಗೆ ಮಾತಾಡಿರಲಿಲ್ಲ. ಆಮೇಲೆ ಒಂದು ದಿನ ಅವರೇ ಕರೆದು, ತಮ್ಮ ನಿವೃತ್ತಿಯ ಹಣದ ದೊಡ್ಡ ಪಾಲನ್ನು ಅವಳ ಹೆಸರಿನಲ್ಲಿ ಠೇವಣಿ ಇಟ್ಟಿದ್ದರು. ಕೆಲವು ಷೇರುಗಳನ್ನೂ ಅವಳ ಹೆಸರಿನಲ್ಲೇ ಕೊಂಡಿದ್ದರು. “ನಿನ್ನ ಹೆಸರಲ್ಲಿ ಇರಲಮ್ಮ” ಎಂದಷ್ಟೇ ಹೇಳಿದ್ದರು. ಆ ಹಣ ತನ್ನದಲ್ಲ ಎಂದು ಗ್ರೀಷ್ಮಾಗೆ ಗೊತ್ತಿತ್ತು. ಅದರಿಂದ ಒಂದು ರೂಪಾಯಿಯನ್ನೂ ಅವಳು ಮುಟ್ಟಿರಲಿಲ್ಲ. ಆದರೆ ದೊಡ್ಡ ಸೊಸೆ ಸಂಹಿತಾಳನ್ನು ಬಿಟ್ಟು ತನ್ನನ್ನು ಆರಿಸಿದ್ದರಲ್ಲ... ಬಾಯಲ್ಲಿ ಆಡದಿದ್ದರೂ ಮಾವ ಮನಸ್ಸಿನಲ್ಲಿ ತನ್ನನ್ನು ಒಪ್ಪಿಕೊಂಡಿದ್ದಾರೆ ಎಂದು ಅವಳು ನಂಬಿದ್ದಳು. ವರ್ಷಕ್ಕೊಮ್ಮೆ ಅವರು ಮುಂದಿಟ್ಟ ಕಾಗದಗಳಿಗೆ ಓದದೆ ಸಹಿ ಹಾಕುತ್ತಿದ್ದಳು. ಅವರು ಗದರಿದಾಗಲೆಲ್ಲ ಆ ಒಂದು ನಂಬಿಕೆಯನ್ನು ನೆನೆದು ನೋವನ್ನು ನುಂಗಿಕೊಳ್ಳುತ್ತಿದ್ದಳು.

ಆ ಭಾನುವಾರ ಅವರು ರಿಟರ್ನ್ ತುಂಬದೆಯೇ ಕೊಚ್ಚಿಗೆ ಮರಳಿದರು. ರೈಲು ಕೊಲ್ಲಂ ದಾಟಿದ ಮೇಲೆ ಸುಧನ್ವ, “ಬಿಡು, ಬೇರೆ ಬಾಡಿಗೆ ಮನೆ ನೋಡೋಣ” ಎಂದ. ಗ್ರೀಷ್ಮಾಗೆ ಮೈಯೆಲ್ಲ ಉರಿಯಿತು. ಆರು ವರ್ಷ ಇದ್ದ ಮನೆ ಅದು. ತ್ರಿಪ್ಪುಣಿತ್ತುರದ ಮೆಟ್ರೋ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ. ದುಡಿಯುತ್ತಿದ್ದೇವೆ, ಕೂಡಿಡುತ್ತಿದ್ದೇವೆ, ಕಟ್ಟಬಲ್ಲೆವು. ಆದರೆ ದುಡಿದದ್ದನ್ನು ದುಡಿದದ್ದೆಂದು ಹೇಳಲು ಮುದುಕರೊಬ್ಬರ ಮರ್ಯಾದೆ ಅಡ್ಡ ಬರುತ್ತದೆಯಲ್ಲ ಎಂದು ಅವಳಿಗೆ ಅಳು ಬಂತು. ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಅದಾಗಿ ಹತ್ತು ದಿನ ಕಳೆದಿರಬೇಕು. ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುತ್ತಿದ್ದಾಗ ಗ್ರೀಷ್ಮಾಳ ಮೊಬೈಲಿಗೆ ಆದಾಯ ತೆರಿಗೆ ಇಲಾಖೆಯಿಂದ ಸಂದೇಶ ಬಂತು. ತೆರೆದು ಓದಿದಳು. ಅರ್ಥವಾಗದೆ ಮತ್ತೆ ಓದಿದಳು. ಅವಳ ಹೆಸರಿನ ಠೇವಣಿಗಳಿಗೆ ಬಂದ ಬಡ್ಡಿ, ಷೇರುಗಳ ಡಿವಿಡೆಂಡ್, ಯಾವುದೂ ಅವಳ ರಿಟರ್ನಿನಲ್ಲಿ ಇಲ್ಲ. ಯಾಕಿಲ್ಲ ಎಂದು ಉತ್ತರ ಕೊಡಬೇಕು. ಬಡ್ಡಿಯ ಮೊತ್ತ ಅವಳ ವರ್ಷದ ಸಂಬಳಕ್ಕಿಂತ ಹೆಚ್ಚಾಗಿತ್ತು. ಕೈಯಲ್ಲಿದ್ದ ಪುಸ್ತಕಗಳನ್ನು ಅಲ್ಲೇ ಇಟ್ಟು ಹೊರಗೆ ಬಂದು ಮಾವನಿಗೆ ಫೋನ್ ಮಾಡಿದಳು.

“ಅಂಥವು ಎಲ್ಲರಿಗೂ ಬರ್ತಾವೆ. ಉತ್ತರ ಕೊಡೋಕೆ ಹೋಗಬೇಡ” ಎಂದು ರಾಯರು ಫೋನಿಟ್ಟರು.

ಆದರೆ ಗ್ರೀಷ್ಮಾಗೆ ಕೂತಲ್ಲಿ ಕೂರಲಾಗಲಿಲ್ಲ. ಅವಳದು ಗುತ್ತಿಗೆ ನೌಕರಿ. ತೆರಿಗೆ ತಪ್ಪಿಸಿದವಳು ಎಂಬ ಮಾತು ಕಾಲೇಜಿಗೆ ಹೋದರೆ ಮುಂದಿನ ವರ್ಷದ ಆದೇಶ ಬರುತ್ತದೆಂದು ಏನು ಖಾತ್ರಿ? ಮರುದಿನ ಸಂಜೆ ಕಲೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಗೆ ಹೋದಳು. ಅಲ್ಲಿ ಔಷಧದ ಅಂಗಡಿಯ ಮಹಡಿಯ ಮೇಲೆ ಪ್ರೇಮ ಎಂಬ ತೆರಿಗೆ ಸಲಹೆಗಾರರ ಕಚೇರಿಯಿತ್ತು. ಐವತ್ತು ದಾಟಿದ ಮಲಯಾಳಿ ಹೆಂಗಸು. ಬಂದವರೆಲ್ಲರಿಗೂ ಪ್ರೇಮ ಚೇಚಿ, ಅಂದರೆ ಅಕ್ಕ; ಅವರಿಗೆ ಹುಡುಗಿಯರೆಲ್ಲ ‘ಮೋಳೇ’, ಅಂದರೆ ಮಗಳೇ. ಸಂದೇಶವನ್ನು ಓದಿ, ಅವಳ ತೆರಿಗೆ ಖಾತೆಯ ವಿವರಗಳನ್ನು ಕಂಪ್ಯೂಟರಿನಲ್ಲಿ ತೆರೆದು ನೋಡಿ, ಕನ್ನಡಕವನ್ನು ಹಣೆಗೇರಿಸಿ ಅವರು ಮಲಯಾಳದಲ್ಲಿ ಕೇಳಿದರು:

“ಮೋಳೇ, ಈ ಹಣ ಯಾರದ್ದು?”

“ನನ್ನ ಮಾವನದ್ದು.”

“ನಿನಗೆ ಕೊಟ್ಟದ್ದಾ?”

“ಹೆಸರಿಗೆ.”

ಚೇಚಿ ನಿಟ್ಟುಸಿರಿಟ್ಟರು. “ಮಾವ ತನ್ನ ಹಣವನ್ನು ಸೊಸೆಯ ಹೆಸರಿನಲ್ಲಿ ಸುಮ್ಮನೆ ಇಟ್ಟರೆ, ಅದರ ಬಡ್ಡಿಯನ್ನು ಮಾವನ ಆದಾಯಕ್ಕೇ ಸೇರಿಸಬೇಕು ಅಂತ ಕಾನೂನು. ಅವರು ತಮ್ಮ ರಿಟರ್ನಿನಲ್ಲಿ ತೋರಿಸಬೇಕಿತ್ತು. ಅವರೂ ತೋರಿಸಿದ ಹಾಗಿಲ್ಲ, ನಿನ್ನದರಲ್ಲೂ ಇಲ್ಲ. ಮೇಲಿಂದ, ನನಗೆ ತೆರಿಗೆ ಬೀಳುವಷ್ಟು ಆದಾಯವಿಲ್ಲ, ಬಡ್ಡಿಯಲ್ಲಿ ತೆರಿಗೆ ಹಿಡಿಯಬೇಡಿ ಅಂತ ಬ್ಯಾಂಕಿಗೆ ಪ್ರತಿ ವರ್ಷ ನೀನೇ ಬರೆದುಕೊಟ್ಟಿದ್ದೀಯ.”

“ನಾನಾ?”

“ಸಹಿ ನಿನ್ನದೇ ಅಲ್ಲವಾ?”

ಮಾವ ಮುಂದಿಟ್ಟ ಕಾಗದಗಳಿಗೆ ಮೇಜಿನ ತುದಿಯಲ್ಲಿ ನಿಂತು ಸಹಿ ಹಾಕುತ್ತಿದ್ದುದು ಗ್ರೀಷ್ಮಾಳ ಕಣ್ಣ ಮುಂದೆ ಬಂತು. ಗಂಡನ ಟಿಪ್ಸ್ ರಿಟರ್ನಿನಲ್ಲಿ ಇಲ್ಲದ್ದನ್ನೂ ಚೇಚಿಗೆ ಹೇಳಿಬಿಟ್ಟಳು.

“ಹೆದರಬೇಡ” ಎಂದರು ಚೇಚಿ. “ಇದ್ದದ್ದನ್ನು ಇದ್ದ ಹಾಗೆ ಬರೆದರೆ ದಾರಿ ಇದೆ. ಮಾವ ತನ್ನದೆಂದು ಒಪ್ಪಿಕೊಂಡು ತೆರಿಗೆ, ದಂಡ ಕಟ್ಟಲಿ. ನಿನ್ನ ಗಂಡನ ಟಿಪ್ಸ್ ಹಣವನ್ನೂ ಸೇರಿಸಿ ಹಳೆಯ ರಿಟರ್ನ್‌ಗಳನ್ನು ತಿದ್ದಿ ಕೊಡೋಣ. ಬರುವ ಬುಧವಾರದೊಳಗೆ ನಿನ್ನ ಉತ್ತರ ಹೋಗಬೇಕು.”

ಶನಿವಾರ ಬೆಳಗಿನ ರೈಲಿಗೆ ಗ್ರೀಷ್ಮಾ ಒಬ್ಬಳೇ ತಿರುವನಂತಪುರಕ್ಕೆ ಹೊರಟಳು. ವಾರದ ಕೊನೆಯಲ್ಲಿ ಹೋಟೆಲಿಗೆ ಜನ ಹೆಚ್ಚು. ಸುಧನ್ವನಿಗೆ ರಜೆ ಸಿಗಲಿಲ್ಲ. ದಾರಿಯುದ್ದಕ್ಕೂ ಮಾವನ ಬಳಿ ಹೇಗೆ ಮಾತು ತೆಗೆಯುವುದೆಂದು ಮನಸ್ಸಿನಲ್ಲೇ ಹೇಳಿಕೊಂಡಳು. ತಿಳಿಯದೆ ಆಗಿರಬಹುದು, ಹೇಳಿದರೆ ಸರಿಮಾಡುತ್ತಾರೆ ಎಂದುಕೊಂಡಳು.

ರಾಯರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಅವಳ ಮಾತನ್ನು ಕೊನೆಯವರೆಗೂ ಕೇಳಲೂ ಇಲ್ಲ.

“ನನಗೆ ಕಾನೂನು ಹೇಳಿಕೊಡೋಕೆ ಬಂದ್ಯಾ? ಜೀವಮಾನವೆಲ್ಲ ಅದನ್ನೇ ಮಾಡಿದವನು ನಾನು. ನನಗೆ ಗೊತ್ತಿಲ್ವಾ?”

“ಹಾಗಾದರೆ ನಿಮಗೆ ಮೊದಲೇ ಗೊತ್ತಿತ್ತು...”

ರಾಯರು ಪೇಪರ್ ಮಡಚಿದರು.

“ಗೊತ್ತಿದ್ದೂ ಮತ್ತೆ ನನ್ನ ಹೆಸರಲ್ಲಿ ಯಾಕೆ ಇಟ್ಟಿರಿ ಮಾವ?”

“ಇನ್ಯಾರ ಹೆಸರಲ್ಲಿ ಇಡ್ಲಿ? ಸಂಹಿತಾಗೆ ಬರೋ ಸಂಬಳಕ್ಕೆ ಮೂವತ್ತು ಪರ್ಸೆಂಟ್ ತೆರಿಗೆ ಹೋಗತ್ತೆ. ಅವಳು ಒಪ್ಪಲೂ ಇಲ್ಲ. ನಿನ್ನ ಸಂಬಳ ತೆರಿಗೆಯ ಗೆರೆ ಮುಟ್ಟಲ್ಲ. ನಿನ್ನ ಕಡೆ ಯಾರೂ ತಿರುಗಿ ನೋಡಲ್ಲ ಅಂತ ಇಟ್ಟೆ.”

ಎಷ್ಟು ಸರಾಗವಾಗಿ ಹೇಳಿಬಿಟ್ಟರು... ಗ್ರೀಷ್ಮಾ ಕಂಬಕ್ಕೆ ಕೈಯೂರಿ ನಿಂತಳು. ಏಳು ವರ್ಷಗಳಿಂದ ಅವಳು ಎದೆಯಲ್ಲಿಟ್ಟುಕೊಂಡಿದ್ದ ಒಂದು ಮೆಚ್ಚುಗೆ, ಯಾರಿಗೂ ಹೇಳದೆ ಒಳಗೊಳಗೇ ಹೆಮ್ಮೆಪಟ್ಟಿದ್ದ ಒಂದು ವಿಶ್ವಾಸ, ಅದು ಇರಲೇ ಇಲ್ಲ. ಮಾವ ಆರಿಸಿದ್ದು ಅವಳನ್ನಲ್ಲ, ಅವಳ ಸಂಬಳ ಕಡಿಮೆ ಎಂಬುದನ್ನು. ದೊಡ್ಡ ಸೊಸೆಗೆ ಬೇಡವೆನ್ನುವ ಧೈರ್ಯವಿತ್ತು, ಇವಳಿಗಿಲ್ಲ ಎಂಬುದನ್ನು. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ಅವರು ಬೈದಿರಲಿಲ್ಲ. ಹವಾಮಾನ ಹೇಳುವಂತೆ ಹೇಳಿದ್ದರು.

“ಈಗ ನಾನು ಎಂತ ಬರೆಯಬೇಕು?” ಎಂದು ಕೇಳಿದಳು. ತನ್ನ ದನಿ ತನಗೇ ಅಪರಿಚಿತವೆನಿಸಿತು.

“ಅದನ್ನೂ ಯೋಚಿಸಿದ್ದೀನಿ. ನಿನ್ನ ಅಪ್ಪ ಕೊಟ್ಟ ಹಣ ಅಂತ ಬರೆ. ತಂದೆ ಮಗಳಿಗೆ ಕೊಟ್ಟಿದ್ದಕ್ಕೆ ತೆರಿಗೆ ಇಲ್ಲ. ಬಡ್ಡಿ ತೋರಿಸೋದು ಮರೆತುಹೋಯ್ತು ಅಂದುಬಿಡು. ನಿನ್ನ ಲೆಕ್ಕದಲ್ಲಾದ್ರೆ ಕಟ್ಟೋದು ಕಡಿಮೆ, ನಾನೇ ಕಟ್ಟಿಬಿಡ್ತೀನಿ. ಸತ್ತವರನ್ನ ಯಾರು ಹೋಗಿ ಕೇಳ್ತಾರೆ?”

ಗ್ರೀಷ್ಮಾಳ ಬಾಯಿಂದ ತಡೆಯದೆ ಮಾತು ಹೊರಬಂತು.

“ಮಾವ, ನನ್ನ ಅಪ್ಪ ಆಸ್ಪತ್ರೆಯಲ್ಲಿ ಸತ್ತಾಗ ಬಿಲ್ಲು ಕಟ್ಟಿ ಹೆಣ ಬಿಡಿಸಿಕೊಳ್ಳಲಿಕ್ಕೆ ಅಮ್ಮನ ಬಳೆ ಮಾರಬೇಕಾಯ್ತು. ಬ್ಯಾಂಕಿನಲ್ಲಿ ಪ್ರತಿ ದಿನ ಬೇರೆಯವರ ಲಕ್ಷಗಟ್ಟಲೆ ಹಣ ಎಣಿಸಿದ ಮನುಷ್ಯ. ನಮಗೆ ಬಿಟ್ಟುಹೋದದ್ದು ಅವರ ಒಳ್ಳೆಯ ಹೆಸರು ಒಂದೇ. ನಿಮ್ಮ ತೆರಿಗೆ ಉಳಿಸಲಿಕ್ಕೆ ಅದನ್ನೂ ಕೇಳ್ತೀರಾ?”

“ಧ್ವನಿ ಎತ್ತಬೇಡ” ಎಂದರು ರಾಯರು.

ಬಾಗಿಲ ಬಳಿ ರತ್ನಮ್ಮ ಯಾವಾಗ ಬಂದು ನಿಂತಿದ್ದರೋ. “ತೀರಿಹೋದ ಬೀಗರ ಸುದ್ದಿಗೆ ಹೋಗಬೇಡಿ ಅಂದ್ರೆ” ಎಂದರು. ರಾಯರು ಬೆರಗಾಗಿ ತಿರುಗಿದರು. ಆ ಹೆಂಗಸು ಗಂಡನಿಗೆ ಎದುರಾಡಿದ್ದನ್ನು ಗ್ರೀಷ್ಮಾ ಅದುವರೆಗೆ ಕಂಡಿರಲಿಲ್ಲ.

“ನಿನಗೇನು ಗೊತ್ತಾಗತ್ತೆ ಇದರಲ್ಲಿ?”

“ಬಡ್ಡಿ ಗೊತ್ತಾಗಲ್ಲ. ಇದು ಗೊತ್ತಾಗತ್ತೆ.”

“ಇಬ್ಬರೂ ಕೇಳಿಸಿಕೊಳ್ಳಿ” ರಾಯರು ಎದ್ದು ನಿಂತರು. “ನಾನು ಕಳ್ಳ ಅಂತ ಈ ಹುಡುಗಿ ಸರ್ಕಾರಕ್ಕೆ ಬರೆದುಕೊಟ್ಟ ದಿನ, ಅವಳಿಗೂ ಅವಳ ಗಂಡನಿಗೂ ಈ ಮನೆ ಬಾಗಿಲು ಇಲ್ಲ.”

ಊಟಕ್ಕೂ ಕೂರದೆ ಗ್ರೀಷ್ಮಾ ಹೊರಟಳು. ರತ್ನಮ್ಮ ಗೇಟಿನವರೆಗೆ ಬಂದರು. “ಏನು ಮಾಡು ಅಂತ ನಾನು ಹೇಳಲಾರೆ ಕಣಮ್ಮ, ಅವರಿಗೆ ಬಿ.ಪಿ. ಬೇರೆ ಇದೆ...” ಎಂದು ಅರ್ಧಕ್ಕೆ ನಿಲ್ಲಿಸಿ, ಅವಳ ಕೈ ಹಿಡಿದುಕೊಂಡರು. “ಆದ್ರೆ ನಿಮ್ಮ ತಂದೆ ಹೆಸರು ಮಾತ್ರ ಬರೀಬೇಡ.”

ಸೋಮವಾರ ಸಂಜೆ ಸುಧನ್ವ ಕೆಲಸ ಮುಗಿಸಿ ಬಂದಾಗ ಗ್ರೀಷ್ಮಾ ಚಹಾ ಮುಂದಿಟ್ಟುಕೊಂಡು ಕುಡಿಯದೆ ಕೂತಿದ್ದಳು. ಎರಡು ದಿನದಿಂದ ಅವರಿಬ್ಬರ ನಡುವೆ ಇದೇ ಮಾತು. ಅವನು ಶೂ ಬಿಚ್ಚದೆಯೇ ಎದುರಿಗೆ ಕೂತ.

“ನಾನೊಂದು ಯೋಚನೆ ಮಾಡಿದ್ದೀನಿ. ಆ ಹಣ ನನ್ನದು ಅಂತ ಬರೆ.”

“ನಿಮ್ಮದು ಹೇಗೆ?”

“ಇಷ್ಟು ವರ್ಷದ ಟಿಪ್ಸ್ ಕೂಡಿಸಿ ಹೆಂಡತಿ ಹೆಸರಲ್ಲಿ ಇಟ್ಟೆ ಅಂತೀನಿ. ರಿಟರ್ನಿನಲ್ಲಿ ನಾನು ಟಿಪ್ಸ್ ತೋರಿಸಿಲ್ವಲ್ಲ, ನಂಬ್ತಾರೆ. ದಂಡ ನಾನು ಕಟ್ತೀನಿ. ಈ ವಯಸ್ಸಲ್ಲಿ ಅಪ್ಪ ಇಲಾಖೆ ಮುಂದೆ ತಲೆ ತಗ್ಗಿಸೋದು ಬೇಡ.”

“ಮನೆಗೆ ಅಂತ ಕೂಡಿಸಿದ್ದೆಲ್ಲ ದಂಡಕ್ಕೆ ಹೋಗ್ತದೆ. ಮತ್ತೆ ಯಾವ ಬ್ಯಾಂಕೂ ನಿಮಗೆ ಸಾಲ ಕೊಡುವುದಿಲ್ಲ. ಗೊತ್ತುಂಟಲ್ಲ?”

“ಗೊತ್ತು.”

“ನಿಮ್ಮನ್ನು ಭಿಕ್ಷೆ ಎತ್ತುವವ ಅಂದವರಿಗೋಸ್ಕರ?”

“ಅಪ್ಪ ಅಲ್ವಾ ಗ್ರೀಷ್ಮಾ...”

ಅವಳು ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದಳು. “ನನ್ನ ಹೆಸರು ಎಂತ ಛತ್ರವಾ? ಅವರು ಬಂದು ಅವರ ಹಣ ಇಟ್ಟು ಹೋಗ್ತಾರೆ. ಈಗ ನೀವು ಬಂದು ನಿಮ್ಮ ಸುಳ್ಳು ಇಡ್ತೀರಿ. ಸಹಿ ಹಾಕುವವಳು ನಾನು. ಒಬ್ಬರಾದರೂ ನನ್ನನ್ನು ಕೇಳಿದ್ದುಂಟಾ, ನಿನಗೆ ಎಂತ ಬರೆಯಬೇಕು ಅಂತ?” ಅಳು ಒತ್ತರಿಸಿ ಬಂತು. ಅಳಬಾರದೆಂದು ಹಲ್ಲು ಕಚ್ಚಿದಳು. ಒಳ್ಳೆಯವನೇ, ಗಂಡ ಒಳ್ಳೆಯವನೇ. ಆ ಒಳ್ಳೆಯತನವೇ ಅವಳಿಗೆ ಆ ಹೊತ್ತು ಸಹಿಸಲಾಗಲಿಲ್ಲ. ಇವನಿಗೆ ಸಿಟ್ಟೇ ಬರುವುದಿಲ್ಲವೇ? ಇವನ ಪಾಲಿನ ಸಿಟ್ಟನ್ನೂ ತಾನೇ ಹೊರಬೇಕೇ?

ಬಾಲ್ಕನಿಗೆ ಹೋಗಿ ಬಾಗಿಲೆಳೆದುಕೊಂಡು ತಿರುವನಂತಪುರಕ್ಕೆ ಫೋನ್ ಮಾಡಿದಳು.

“ಮಾವ, ನಿಮ್ಮ ಮಗ ಆ ಠೇವಣಿಯೆಲ್ಲ ತನ್ನ ಟಿಪ್ಸ್ ಹಣ ಅಂತ ಬರೆಯಲಿಕ್ಕೆ ಹೊರಟಿದ್ದಾರೆ. ನಾನು ಅದಕ್ಕೆ ಸಹಿ ಹಾಕುವುದಿಲ್ಲ. ನನ್ನ ಅಪ್ಪನ ಹೆಸರನ್ನೂ ಬರೆಯುವುದಿಲ್ಲ. ಬುಧವಾರ ಕಲೂರು ಬಸ್ ನಿಲ್ದಾಣದ ಹಿಂದೆ, ತೆರಿಗೆ ಸಲಹೆಗಾರರು ಪ್ರೇಮ ಚೇಚಿಯ ಆಫೀಸಿನಲ್ಲಿ ಕೂತು ಇದ್ದದ್ದನ್ನು ಬರೀತೇನೆ. ಮುಂಚೆಯೇ ಹೇಳಿಬಿಡುವ ಅಂತ ಫೋನ್ ಮಾಡಿದೆ.”



“ಯಾವುದರ ಹಣ ಅಂದೆ?”

“ಟಿಪ್ಸ್ ಹಣ.”

ಫೋನ್ ಕಡಿಯಿತು.

ಬುಧವಾರ ಮಧ್ಯಾಹ್ನ ಪ್ರೇಮ ಚೇಚಿಯ ಕಚೇರಿಯಲ್ಲಿ ಗ್ರೀಷ್ಮಾ ಉತ್ತರದ ಮೊದಲ ಸಾಲು ಹೇಳಿ ಬರೆಸುತ್ತಿದ್ದಾಗ ಮೆಟ್ಟಿಲಿನ ಮೇಲೆ ಏದುಸಿರು ಕೇಳಿಸಿತು. ಬಾಗಿಲಲ್ಲಿ ನಿತ್ಯಾನಂದ ರಾಯರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಬೆವರಿನಿಂದ ಬೆನ್ನಿಗಂಟಿತ್ತು. ಅವರು ಸೊಸೆಯ ಕಡೆ ನೋಡಲಿಲ್ಲ. ಬ್ಯಾಗಿನಿಂದ ಕಾಗದಗಳನ್ನು ತೆಗೆದು ಚೇಚಿಯ ಮುಂದಿಟ್ಟು, ಇಷ್ಟು ವರ್ಷವಾದರೂ ಮೈಸೂರಿನ ರಾಗ ಬಿಡದ ತಮ್ಮ ಮಲಯಾಳದಲ್ಲಿ ಹೇಳಿದರು:

“ಇದು ನನ್ನ ಗ್ರಾಚ್ಯುಯಿಟಿ, ನನ್ನ ಪ್ರಾವಿಡೆಂಟ್ ಫಂಡ್. ಹುಷಾರಿಲ್ಲದಿದ್ದರೂ ರಜೆ ಹಾಕದೆ ದುಡಿದದ್ದು. ಇದನ್ನು ಯಾರೂ ಹೋಟೆಲಿನ ಟಿಪ್ಸ್ ಎಂದು ಬರೆಯಕೂಡದು. ನನ್ನದೆಂದು ಬರೆಯಿರಿ.”

“ತೆರಿಗೆ, ಬಡ್ಡಿ, ದಂಡ ಎಲ್ಲ ನಿಮ್ಮ ಮೇಲೆ ಬರುತ್ತದೆ ಸಾರ್” ಎಂದರು ಚೇಚಿ.

“ಬರಲಿ.”

ಗ್ರೀಷ್ಮಾ ಸುಮ್ಮನೆ ನೋಡುತ್ತಿದ್ದಳು. ಪಶ್ಚಾತ್ತಾಪದಿಂದ ಬಂದವರಲ್ಲ ಅವರು. ಸೊಸೆಯನ್ನೋ ಮಗನನ್ನೋ ಕಾಪಾಡಲು ಬಂದವರೂ ಅಲ್ಲ. ತಮ್ಮ ಸಂಪಾದನೆಗೆ ಮಗನ ಸಂಪಾದನೆಯ ಹೆಸರು ತಗಲಬಾರದೆಂದು ರೈಲು ಹತ್ತಿ ಬಂದಿದ್ದರು. ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಆದರೂ ಎದೆಯ ಮೇಲಿನ ಕಲ್ಲು ಜರುಗಿದ್ದು ನಿಜ.

ಉತ್ತರ ಹೋಯಿತು. ಚೇಚಿ ಮುಂದಿನ ಕೆಲಸಕ್ಕೆ ತಿರುಗಿದರು. ಅದು ಸುಧನ್ವನ ರಿಟರ್ನ್. ರಾಯರು ಎದ್ದು ಹೋಗುತ್ತಾರೆಂದು ಗ್ರೀಷ್ಮಾ ಎಣಿಸಿದ್ದಳು. ಅವರು ಹೋಗಲಿಲ್ಲ. ಫ್ಯಾನಿನ ಕೆಳಗೆ ಬೆವರೊರೆಸಿಕೊಳ್ಳುತ್ತಾ ಕೂತೇ ಇದ್ದರು. ಚೇಚಿ ಬ್ಯಾಂಕಿನ ವಿವರ ನೋಡಿ ಸಂಬಳವನ್ನು ಒಂದು ಕಡೆ ತುಂಬಿದರು. ಟಿಪ್ಸನ್ನು ‘ಇತರ ಮೂಲಗಳ ಆದಾಯ’ದ ಕೆಳಗೆ ಸೇರಿಸತೊಡಗಿದರು.

“ನಿನ್ನ ಗಂಡ ಒಂದು ವಾರವೂ ಬಿಡದೆ ಬ್ಯಾಂಕಿಗೆ ಕಟ್ಟಿದ್ದಾನೆ ಮೋಳೇ. ಈ ಕೆಲಸದಲ್ಲಿರುವವರು ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಆದರೆ ಇಲ್ಲಿ ಒಂದಿಡೀ ವರ್ಷ ಹೆಚ್ಚುಕಡಿಮೆ ಖಾಲಿಯಿದೆಯಲ್ಲ?”

“ಅದು ಕೋವಿಡ್ ಸಮಯ. ಹೋಟೆಲ್ ಮುಚ್ಚಿತ್ತು. ಅರ್ಧ ಸಂಬಳ ಕೊಡ್ತಿದ್ದರು.”

ರಾಯರು ತಲೆಯೆತ್ತಿದರು. ಆ ದಿನ ಮೊದಲ ಬಾರಿಗೆ ಅವಳೊಂದಿಗೆ ಮಾತಾಡಿದರು, ಕನ್ನಡದಲ್ಲಿ. “ಆಗ ಮನೆ ಹೇಗೆ ನಡೆಸಿದ್ರಿ?”

“ನನ್ನ ಸಂಬಳದಲ್ಲಿ. ಅವರು ಬೈಕಿನಲ್ಲಿ ಮನೆಮನೆಗೆ ತರಕಾರಿ ಕೊಡ್ತಿದ್ದರು.”

“ನಮಗೆ ಹೇಳಲೇ ಇಲ್ವಲ್ಲ. ನನ್ನನ್ನ ಕೇಳಬಹುದಿತ್ತು.”

“ಕೇಳಬಹುದಿತ್ತಾ ಮಾವ?”

ಗ್ರೀಷ್ಮಾಗೆ ಇನ್ನು ತಡೆಹಿಡಿಯಲು ಏನೂ ಉಳಿದಿರಲಿಲ್ಲ. ಸಿಟ್ಟೂ ಅಲ್ಲದ, ದುಃಖವೂ ಅಲ್ಲದ ಒಂದು ಆಯಾಸದ ದನಿಯಲ್ಲಿ ಹೇಳಿದಳು: “ನಿಮ್ಮ ಹಣವೆಲ್ಲ ಆಗಲೂ ನನ್ನ ಹೆಸರಲ್ಲೇ ಇತ್ತು. ಬ್ಯಾಂಕಿಗೆ ಹೋಗಿ ಒಂದು ಸಹಿ ಹಾಕಿದ್ದರೆ ಸಿಗ್ತಿತ್ತು. ಅಕ್ಕಿ ತರಲಿಕ್ಕೆ ಯೋಚನೆ ಮಾಡಿದ ದಿವಸ ಉಂಟು. ಆದರೂ ಅದನ್ನು ಮುಟ್ಟಬಹುದು ಅಂತ ನಮ್ಮಿಬ್ಬರಿಗೂ ತೋಚಲೇ ಇಲ್ಲ. ನಿಮಗೆ ನಮ್ಮ ಮೇಲೆ ನಂಬಿಕೆ ಉಂಟು ಅಂತ ನಾವು ತಿಳಿದುಕೊಂಡಿದ್ದೆವು.”

ಕೆಳಗೆ ಬಸ್ಸುಗಳ ಹಾರ್ನ್ ಕೇಳಿಸುತ್ತಿತ್ತು. ಪ್ರೇಮ ಚೇಚಿಗೆ ಕನ್ನಡ ಅರ್ಥವಾಗದಿದ್ದರೂ ಕೀಲಿಮಣೆಯ ಮೇಲೆ ಅವರ ಬೆರಳು ನಿಂತಿತ್ತು. ರಾಯರು ಬ್ಯಾಗಿನ ಜಿಪ್ಪನ್ನು ಎಳೆದು ಮುಚ್ಚಿದರು, ಮತ್ತೆ ತೆರೆದರು, ಮತ್ತೆ ಮುಚ್ಚಿದರು.

ಕೆಲಸ ಮುಗಿದು ಬೀದಿಗೆ ಇಳಿದಾಗ ಅವರ ರೈಲಿಗೆ ಇನ್ನೂ ತುಂಬ ಹೊತ್ತಿತ್ತು. ಬಿಸಿಲಿಗೆ ಅವರ ಮುಖ ಕಂದಿತ್ತು. “ಮನೆಗೆ ಬಂದು ಸ್ವಲ್ಪ ಮಲಗಿ ಹೋಗಿ ಮಾವ” ಎಂದಳು. ಮದುವೆಯಾದಾಗಿನಿಂದ ಅವಳು ಹಾಗೆ ಕರೆಯುತ್ತಲೇ ಇದ್ದಳು, ಅವರು ಒಮ್ಮೆಯೂ ಬಂದಿರಲಿಲ್ಲ. ಬಾಡಿಗೆ ಮನೆಗೆ ಏನು ಬರೋದು ಎನ್ನುತ್ತಿದ್ದರು. ಈಗ ತಲೆಯಾಡಿಸಿ ಅವಳ ಹಿಂದೆ ಮೆಟ್ರೋ ನಿಲ್ದಾಣದ ಕಡೆ ನಡೆದರು. ತ್ರಿಪ್ಪುಣಿತ್ತುರದವರೆಗೆ ಇಬ್ಬರೂ ಅಕ್ಕಪಕ್ಕ ಕೂತಿದ್ದರು.

ಮನೆಯ ಹಜಾರದಲ್ಲಿ ಗೋಡೆಯುದ್ದಕ್ಕೂ ರಟ್ಟಿನ ಪೆಟ್ಟಿಗೆಗಳಿದ್ದವು.

“ಇದೇನು?”

“ಭಾನುವಾರ ಬೇರೆಯವರು ಈ ಫ್ಲಾಟಿಗೆ ಮುಂಗಡ ಕೊಟ್ಟರು, ನಾವು ಬಿಡಬೇಕು. ಓನರ್ ನಮಗೋಸ್ಕರ ಸುಮಾರು ದಿನ ಕಾದರು, ಪಾಪ. ಈಗ ಸರಿಯಾಗಿ ರಿಟರ್ನ್ ಕೊಟ್ಟಿದ್ದೇವಲ್ಲ, ಮುಂದೆ ಯಾವಾಗಲಾದರೂ ಬೇರೆ ಮನೆ ನೋಡುವುದು.”

ರಾಯರು ಕಿಟಕಿಯ ಬಳಿ ನಿಂತರು. ಬಾಲ್ಕನಿಯ ಕುಂಡಗಳನ್ನು, ಸುಧನ್ವ ತಾನೇ ಬಣ್ಣ ಹೊಡೆದ ಗೋಡೆಯನ್ನು ನೋಡಿದರು. “ನಾನು ಆವತ್ತೇ ಬರೆದುಕೊಟ್ಟಿದ್ರೆ...” ಎಂದರು. ಗ್ರೀಷ್ಮಾ ‘ಹಾಗೇನಿಲ್ಲ ಮಾವ’ ಎನ್ನಬಹುದಿತ್ತು. ಅನ್ನಲಿಲ್ಲ. ಕಾಫಿ ಮಾಡಿ ತಂದುಕೊಟ್ಟಳು. ಅವರು ಕುಡಿದು, ಕ್ಯಾನ್ವಾಸಿನ ಕುರ್ಚಿಯಲ್ಲಿ ಒರಗಿದವರು ಹಾಗೇ ನಿದ್ದೆಹೋದರು.

ಸಂಜೆ ಐದರ ಹೊತ್ತಿಗೆ ಸುಧನ್ವ ಬಂದ. ಬೆಳಗಿನ ತಿಂಡಿಯಿಂದ ಮಧ್ಯಾಹ್ನದ ಊಟದವರೆಗೆ ಒಂದೇ ಸಮನೆ ನಿಂತು ಬಂದಿದ್ದ. ಕುರ್ಚಿಯಲ್ಲಿ ಮಲಗಿದ್ದ ಅಪ್ಪನನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟ. ಗ್ರೀಷ್ಮಾ ಅವನನ್ನು ಅಡುಗೆಮನೆಗೆ ಕರೆದು ನಡೆದದ್ದನ್ನೆಲ್ಲ ಪಿಸುಮಾತಿನಲ್ಲಿ ಹೇಳಿದಳು. ಅವನು ಎಲ್ಲ ಕೇಳಿಸಿಕೊಂಡ. ಹಜಾರಕ್ಕೆ ಬಂದು ಸದ್ದಾಗದಂತೆ ಶೂ ಬಿಚ್ಚಿದ. ಪಾದಗಳು ಊದಿಕೊಂಡು ಕಾಲುಚೀಲದ ಅಂಚು ಮೀನಖಂಡದ ಮೇಲೆ ಕೆಂಪಗೆ ಅಚ್ಚೊತ್ತಿತ್ತು. ಗ್ರೀಷ್ಮಾ ಟಬ್ಬಿನಲ್ಲಿ ಉಪ್ಪು ಹಾಕಿದ ನೀರು ತಂದಿಟ್ಟು, ಬಿಸಿನೀರಿನ ಕೆಟಲನ್ನು ಪಕ್ಕದಲ್ಲಿಟ್ಟಳು. ಒಲೆಯ ಮೇಲೆ ಹಾಲು ಉಕ್ಕುವ ಸದ್ದು ಕೇಳಿ ಒಳಗೆ ಓಡಿದಳು.

ತಿರುಗಿ ಬಂದಾಗ ರಾಯರು ಎದ್ದು ಕೂತಿದ್ದರು. ನೀರಿನಲ್ಲಿದ್ದ ಮಗನ ಕಾಲುಗಳನ್ನೇ ನೋಡುತ್ತಿದ್ದರು.

“ದಿನಾ ಹೀಗಾಗತ್ತಾ?”

“ಜನ ಜಾಸ್ತಿ ಇದ್ದ ದಿನ ಅಪ್ಪಾ.”

“ಎಷ್ಟು ಹೊತ್ತು ನಿಂತಿರಬೇಕು?”

“ಶಿಫ್ಟ್ ಮುಗಿಯೋವರೆಗೆ. ನಮಗೆ ಕೂರೋ ಹಾಗಿಲ್ಲ.”

ರಾಯರು ಕುರ್ಚಿಯ ಕೈ ಹಿಡಿದು ಎದ್ದರು. ಮಂಡಿ ನೋವಿಗೆ ಒಂದು ಸಲ ನರಳಿ, ಪೆಟ್ಟಿಗೆಯೊಂದರ ಮೇಲೆ ಕೈಯೂರಿ ಮಗನ ಮುಂದೆ ಬಗ್ಗಿದರು. ಕೆಟಲನ್ನು ಎರಡೂ ಕೈಯಲ್ಲಿ ಎತ್ತಿ, ಅವನ ಪಾದಕ್ಕೆ ತಾಗದಂತೆ ಅಂಚಿನಿಂದ ಸ್ವಲ್ಪಸ್ವಲ್ಪವೇ ಸುರಿದರು. ಸುಧನ್ವ ಗಾಬರಿಯಾಗಿ ಕಾಲೆಳೆದುಕೊಳ್ಳಹೋದ.

“ಅಪ್ಪಾ, ನೀವ್ಯಾಕೆ...”

“ಅಲ್ಲಾಡಬೇಡ. ಬಿಸಿ ಸಾಕಾ?”

ಸುಧನ್ವ ಕಾಲನ್ನು ನೀರಿನಲ್ಲೇ ಬಿಟ್ಟ. “ಸ್ವಲ್ಪ ಜಾಸ್ತಿಯಾಯ್ತು” ಎಂದ.

ರಾಯರು ಕೆಟಲನ್ನು ಕೆಳಗಿಟ್ಟು ಅಡುಗೆಮನೆಯ ಬಾಗಿಲ ಕಡೆ ತಿರುಗಿದರು. ಅಲ್ಲಿ ನಿಂತಿದ್ದ ಗ್ರೀಷ್ಮಾಳ ಮುಖ ನೋಡಲಾಗದೆ ನೆಲ ನೋಡುತ್ತಾ ಕೇಳಿದರು: “ತಣ್ಣೀರು ಎಲ್ಲಿಟ್ಟಿದ್ದೀಯಮ್ಮ?”

ಅವಳು ಚೊಂಬು ತುಂಬಿ ತಂದು ಅವರ ಕೈಗೆ ಕೊಟ್ಟಳು.